ಮೂರನೇ ಸಲ

ಸಾವಿರದ ಎಂಟುನೂರಾ ಹತ್ತು, ಒಂದನೇ ಸಲ.
ಸಾವಿರದ ಎಂಟುನೂರಾ ಹತ್ತು, ಎರಡನೇ ಸಲ.
ಮುಂದಿನದು ಬರಲಿಲ್ಲ.
ಬಾಯಿ ತೆರೆದಿತ್ತು, ಕೈ ಮ್ಯಾಲಿತ್ತು,
ದನಿ ಮಾತ್ರ ಹರಿದ ಚೀಲದ ಉಳ್ಳಾಗಡ್ಡಿ ಹಂಗ
ಎಲ್ಲೋ ಕಾಲಬುಡಕ ಉರುಳಿ ಹೋತು.
ಗದಗ ಎಪಿಎಂಸಿ, ಮಂಗಳವಾರ, ಹತ್ತೂವರಿ.
ಖರೀದಿದಾರ್ರು ನನ್ನ ಮುಖ ನೋಡಿದ್ರು,
ಮಾಲಿನ ಧಣಿ, ನರೇಗಲ್ಲಿನ ಮುದುಕ, ನನ್ನ ತುಟಿ ನೋಡಿದ.
ಯಾರೋ ನಕ್ಕರು: "ದಾವಲಸಾಬನ ಬ್ಯಾಟ್ರಿ ಖಾಲಿ!"
ಆ ರಾಶಿ ಕಡೀಕ ಯಾರಿಗೆ ಹೋತು, ಎಷ್ಟಕ್ಕ ಹೋತು,
ನನಗ ಇನ್ನೂ ಗೊತ್ತಿಲ್ಲ.

ಇಪ್ಪತ್ತಾರು ವರ್ಷ ಸವಾಲು ಕೂಗೇನಿ.
ಒಣಸಿಪ್ಪಿ ಧೂಳು ನುಂಗಿ, ಮ್ಯಾಲ ಚಾ ಕುಡದು,
ಒಂದು ಮುಂಜಾನಿಗೆ ನೂರಾ ನಲವತ್ತು ರಾಶಿ ದಾಟಿಸೇನಿ.
ಲಾರಿ ಹಾರ್ನಿಗಿಂತ ಒಂದು ಗೇಣು ಎತ್ತರ ಇತ್ತು ನನ್ನ ದನಿ.
ಮನಿಗೆ ಬಂದ್ರ ಉಳಿಯೂದು ತಳದ ಗಸಿ:
"ನೀರು." "ಊಟ." "ಲೈಟ ಆರ್ಸು."
ಅಷ್ಟರಾಗ ಸಂಸಾರ ಮಾಡೇನಿ.

ಹುಬ್ಬಳ್ಳಿ ದವಾಖಾನ್ಯಾಗ
ಮೂಗಿನಿಂದ ಒಂದು ಕರೇ ದಾರ ಇಳಿಬಿಟ್ಟು
ಡಾಕ್ಟರಬಾಯಿ ಟಿವಿಯೊಳಗ ತೋರಿಸಿದ್ರು:
ಎರಡು ಬಿಳೇ ಎಳಿ, ಎದುರಾಬದುರಾ ಎರಡು ಗುಳ್ಳಿ,
ಜ್ವಾಳದ ಕಾಳಿನಷ್ಟೂ ಇಲ್ಲ.
"ಗಂಟಲಾಗ ಗಂಟು ಆಗ್ಯಾವ್ರೀ."
ಜನ್ಮದಾಗ ಒಂದು ಗಂಟು ಕಟ್ಟಲಿಲ್ಲ ನಾನು,
ಮಗಳ ಲಗ್ನಕ್ಕೂ ಸಾಲನ.
ಕೂಡಿಸಿದ್ದು ಅಂದ್ರ ಇದ.
ನಗಬೇಕಂದೆ. ನಗಾಕೂ ದನಿ ಬೇಕಂತ ಅವತ್ತ ಗೊತ್ತಾತು.

ಮೂರು ವಾರ ಮಾತಿಲ್ಲ.
ಪಿಸುಮಾತೂ ಬ್ಯಾಡಂತ, ಅದು ಇನ್ನೂ ಕೆಟ್ಟದ್ದಂತ.
ಕ್ಯಾಕರಿಸಬ್ಯಾಡ್ರಿ, ನೀರು ಕುಡೀರಿ, ಹಬೆ ತಗೋರಿ.
ಮೊಮ್ಮಗಳು ತನ್ನ ಪಾಟಿ ಕೊಟ್ಟಳು.
ಸಾಲಿ ಕಲಿತದ್ದು ಮೂರನೇತ್ತ,
ಅಂಕಿ ಓಡತಾವು, ಅಕ್ಷರ ಎಡವತಾವು.
ಚಾ ಬೇಕಂದ್ರ ಒಂದು, ಬ್ಯಾಡಂದ್ರ ಸೊನ್ನಿ.
ಸಿಟ್ಟಿಗೆ ಏನು ಬರೀಬೇಕು?
ಬಳಪ ಹಿಡದು ಹುಡುಕೂದ್ರಾಗ
ಸಿಟ್ಟ ಇಳದು ಹೋಗತಿತ್ತು.

ಬೆಟಗೇರಿ ಓಣಿ. ಆಕಡೆ ಮಗ್ಗ, ಈಕಡೆ ಮಗ್ಗ,
ನಡುವ ನನ್ನಾಕಿ ರಾಟಿ ಮುಂದ ಕುಂತು ಕಂಡಿಕಿ ಸುತ್ತತಾಳ.
ಅಕಿ ಇಷ್ಟು ಮಾತಾಡತಾಳಂತ ನನಗ ಗೊತ್ತಿರಲಿಲ್ಲ.
ರಾಟಿ ಜೋಡಿ, ಬೆಕ್ಕಿನ ಜೋಡಿ, ಸತ್ತ ತಂಗಿ ಜೋಡಿ,
ಮುಂಜಾನಿಂದ ಸಂಜಿತನ, ಸಣ್ಣ ದನೀಲೆ.
ಇಷ್ಟು ವರ್ಷ ಈ ಮಾತು ಎಲ್ಲಿತ್ತು?
ಮನ್ಯಾಗ ಇತ್ತು. ನಾನು ಪ್ಯಾಟ್ಯಾಗಿದ್ದೆ.

ಒಂದು ಎಳಿ ಹರೀತು. ಉಗುರಿನಾಗ ಹಿಡದು, ಎಂಜಲ ಹಚ್ಚಿ,
ಕಣ್ಣ ಮುಚ್ಚಿ ತೆರೆಯೂದ್ರಾಗ ಕೂಡಿಸಿದಳು.
"ಗಂಟು ಕೆಟ್ಟದ್ದಲ್ಲ," ಅಂದ್ಲು, ನನಗೋ ನೂಲಿಗೋ,
"ಸಣ್ಣದಿರಬೇಕು. ಹಣಿಗ್ಯಾಗ ಹಾದು ಹೋಗುವಷ್ಟು."

ಇಪ್ಪತ್ತೆರಡನೇ ದಿನ. "ಏನರ ಅನ್ರಿ, ಮೆಲ್ಲಕ."
ದೇವರ ಹೆಸರು ತಗೀಬೇಕಂದಿದ್ದೆ.
ಅಕೀ ಹೆಸರು ಹಿಡದು ಕರೀಬೇಕಂದಿದ್ದೆ,
ಯಾವತ್ತೂ ಕರದಿಲ್ಲ.
ಬಾಯಾಗ ಬಂದದ್ದು:
"ಸಾವಿರದ ಎಂಟುನೂರಾ ಹತ್ತು, ಮೂರನೇ ಸಲ."
ಯಾರದೋ ದನಿ. ತೊಯ್ದ ಕಾಗದದ ಹಂಗ ತೆಳ್ಳಗ.
ಡಾಕ್ಟರಬಾಯಿ ಗಾಬರ್‍ಯಾದ್ರು.
ಬಾಗಲದಾಗ ನಿಂತಾಕಿ ಸೆರಗ ಸರಿ ಮಾಡಿಕೊಂಡು ಅಂದ್ಲು:
"ಖಾಶಿಂಬಿ ಹೆಸರಿಗೆ ಬರಕೋರಿ."

ಮರುವಾರ ಯಾರ್ಡಿಗೆ ಹ್ವಾದೆ, ಬರೇ ಕೇಳಾಕ.
ನನ್ನ ಕಟ್ಟಿ ಮ್ಯಾಲ ಫಕ್ಕೀರೇಶ, ಇಪ್ಪತ್ತರ ಹುಡುಗ,
ಕೊಳ್ಳಿನ ನರ ಹಗ್ಗ ಮಾಡಿಕೊಂಡು ಕೂಗಾಕ ಹತ್ತಿದ್ದ.
ಹೊಟ್ಟ್ಯಾಗಿಂದ ಉಸರ ತಗೊಳೋ,
ದಲಾಲರ ಹತ್ರ ಒಂದು ಮೈಕು ಕೇಳೋ
ಅಂತ ಹೇಳಬೇಕಿತ್ತು.
ಆ ಗದ್ದಲದಾಗ ಅವಂಗ ಕೇಳಸಬೇಕಂದ್ರ
ನಾನು ಕೂಗಬೇಕಿತ್ತು.
ನೀರಿನ ಬಾಟ್ಲಿ ಅವನ ಕಾಲಬುಡಕ ಇಟ್ಟು ಬಂದೆ.